ಏಳರಿಂದ ಅರವತ್ತಮೂರರವರೆಗೆ ಒಂದೇ ಬ್ಯಾಚ್

ಎಲ್ಲಾ ವಯಸ್ಸಿನ ಹೊಸಬರಿಗೆ ಒಟ್ಟಿಗೆ ಬ್ಯಾಡ್ಮಿಂಟನ್ ಕಲಿಸುತ್ತೇನೆ ಅಂದಾಗ ಜೊತೆಗಿದ್ದ ಕೋಚ್‌ಗಳು ಒಬ್ಬರೂ ಒಪ್ಪಲಿಲ್ಲ. "ಮಕ್ಕಳಿಗೆ ಬೇಜಾರಾಗುತ್ತೆ, ದೊಡ್ಡವರಿಗೆ ನಾಚಿಕೆಯಾಗುತ್ತೆ, ಎರಡೂ ಕಡೆ ಖಾಲಿ" ಅಂದರು. ಈಗ ಮೂರನೇ ಬ್ಯಾಚ್ ಮುಗಿದಿದೆ. 22 ಜನ ಸೇರಿದ್ದರು, 19 ಜನ ಕೊನೆವರೆಗೆ ಉಳಿದರು. ಅವರಲ್ಲಿ ಹದಿನೈದು ಹದಿನಾರು ಜನ ಶಟಲ್ ಬೀಳಿಸದೆ 20 ಹೊಡೆತ ಆಡುತ್ತಾರೆ. ನನಗಂತೂ ಹೆಮ್ಮೆಯಿದೆ.

ಮೊದಲು ನಾನೂ ವಯಸ್ಸು ನೋಡಿ ಮೂರು ಗುಂಪು ಮಾಡಿದ್ದೆ. ಮೂರಕ್ಕೂ ಬೇರೆ ಕೋರ್ಟ್ ಬಾಡಿಗೆ, ಶಟಲ್ ಎಸೆದು ಕೊಡಲು ಒಬ್ಬ ಸಹಾಯಕ. ಬಂದ ಫೀಸಿನಲ್ಲಿ ಹೆಚ್ಚುಕಮ್ಮಿ ಅರ್ಧ ಬರೀ ಶಟಲ್‌ಗೇ ಹೋಯಿತು. ಹೊಸಬರ ಹೊಡೆತ ಜಾಸ್ತಿ ಫ್ರೇಮಿಗೇ ಬೀಳುತ್ತದೆ. 16 ಗರಿಯಲ್ಲಿ ಎರಡು ಮುರಿದರೆ ಆ ಶಟಲ್ ಮುಗಿಯಿತು. ಎಲ್ಲವನ್ನೂ ನೈಲಾನ್ ಮಾಡಿದೆ. ಬಾಳಿಕೆ ಬಂತು, ಆದರೆ ಇಬ್ಬರು ಹಿರಿಯರು ಮೊಣಕೈ ನೋವು ಅಂದರು. ಆ ವರ್ಷ ಕೈಯಿಂದ ಹಾಕಿದ ದುಡ್ಡು ವಾಪಸ್ ಬರಲೇ ಇಲ್ಲ.

ಈಗ ಎಲ್ಲರನ್ನೂ ನೆಟ್ ಹತ್ತಿರ ನಿಲ್ಲಿಸಿ ಶುರು ಮಾಡುತ್ತೇನೆ. ಶಾರ್ಟ್ ಸರ್ವಿಸ್ ಗೆರೆ ದಾಟಿ ಹಿಂದೆ ಹೋಗುವ ಹಾಗಿಲ್ಲ. ಅಂದರೆ ನೆಟ್‌ನಿಂದ ಎರಡು ಮೀಟರ್ ಒಳಗೆ. ಮೊದಲ ವಾರ ಕೈಯ ಹಿಂಬದಿ ಮುಂದಿಟ್ಟು ಹೆಬ್ಬೆರಳಿಂದ ತಳ್ಳುವ ಬ್ಯಾಕ್‌ಹ್ಯಾಂಡ್ ಮಾತ್ರ. ಅಷ್ಟು ದೂರದಲ್ಲಿ ತೋಳಿನ ಬಲ ಲೆಕ್ಕಕ್ಕೇ ಬರುವುದಿಲ್ಲ. ಏಳರ ಹುಡುಗನೂ ಅರವತ್ತಮೂರರ ಅಮ್ಮನೂ ಸಮ. ಆಮೇಲೆ ವಾರಕ್ಕೊಂದು ಹೆಜ್ಜೆ ಹಿಂದಕ್ಕೆ. ಸರ್ವ್ ಐದನೇ ವಾರ. "ಸರ್ವ್ ಇಲ್ಲದೆ ಏನು ಆಟ?" ಅಂತ ಕೇಳಿದವರಿದ್ದಾರೆ. ಬ್ಯಾಕ್‌ಹ್ಯಾಂಡ್ ಶಾರ್ಟ್ ಸರ್ವ್ ಅಂದರೆ ಅದೇ ಹೆಬ್ಬೆರಳಿನ ತಳ್ಳು ಅಲ್ವಾ? ಹತ್ತು ನಿಮಿಷದಲ್ಲಿ ಬಂದುಬಿಡುತ್ತದೆ.

ಸಹಾಯಕನನ್ನು ಬಿಟ್ಟೆ. ಅರ್ಧ ಜನ ಹೊಡೆಯುತ್ತಾರೆ, ಅರ್ಧ ಜನ ಕೈಯಿಂದ ಎಸೆದು ಕೊಡುತ್ತಾರೆ. ಎಸೆಯುವವರಿಗೆ ಶಟಲ್ ಎಲ್ಲಿ ನಿಧಾನವಾಗುತ್ತದೆ, ಎಲ್ಲಿ ಇಳಿಯುತ್ತದೆ ಅಂತ ಕಣ್ಣಿಗೇ ಗೊತ್ತಾಗುತ್ತದೆ. ತಲೆ ಮೇಲಿಂದ ಎಸೆದು ಎಸೆದು, ಶಟಲ್ಲನ್ನು ಎತ್ತರಕ್ಕೆ ಹಿಂದಿನ ಗೆರೆವರೆಗೆ ಕಳಿಸುವ ಕ್ಲಿಯರ್‌ಗೆ ಬೇಕಾದ ತೋಳು ತಾನೇ ತಯಾರಾಗುತ್ತದೆ. ಎಸೆಯಲು ಹಳಬರು ಬಿಸಾಡಿದ ಗರಿ ಶಟಲ್ ಸಾಕು, ನೆಟ್ ಹತ್ತಿರ ಅದರ ಅಡ್ಡಾದಿಡ್ಡಿ ಹಾರಾಟ ತೊಂದರೆ ಕೊಡುವುದಿಲ್ಲ. ರ‍್ಯಾಲಿಗೆ (ಎರಡೂ ಕಡೆಯಿಂದ ಬೀಳಿಸದೆ ಹೊಡೆದಾಡುವುದಕ್ಕೆ) ಮಾತ್ರ ಹಸಿರು ಪಟ್ಟಿಯ ನಿಧಾನದ ನೈಲಾನ್. ಶಟಲ್ ಖರ್ಚು ಕಾಲು ಭಾಗಕ್ಕೆ ಇಳಿಯಿತು. ಯಾರಿಗೆ ಯಾರನ್ನು ಜೋಡಿ ಹಾಕಬೇಕು, ಯಾವ ದಿನ ಬದಲಿಸಬೇಕು ಅನ್ನುವುದರಲ್ಲೇ ಅರ್ಧ ಗುಟ್ಟಿದೆ. ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ನೆಟ್ಟನ್ನು ಓರೆಯಾಗಿ ಕಟ್ಟುತ್ತೇನೆ. ಒಂದು ಕಂಬದಲ್ಲಿ ನಿಯಮದ 1.55 ಮೀಟರ್, ಇನ್ನೊಂದರಲ್ಲಿ ಒಂದೂವರೆ ಗೇಣು ಕೆಳಗೆ. ಚಿಕ್ಕವರು ತಗ್ಗಿನ ಕಡೆ ನಿಲ್ಲುತ್ತಾರೆ. ರಾಕೆಟ್ಟನ್ನು ಬಾಣಲೆ ಹಿಡಿದ ಹಾಗೆ ಹಿಡಿಯುವ ಚಟ ಇದರಿಂದಲೇ ಕಮ್ಮಿಯಾಯಿತು. ಎತ್ತರ ದಾಟಿಸುವ ಆತುರದಲ್ಲೇ ಅವರು ಹಾಗೆ ಹಿಡಿಯುತ್ತಿದ್ದರು.

ನಡುವೆ ದಾರದಲ್ಲಿ ಶಟಲ್ ನೇತುಹಾಕಿ ಹೊಡೆಸಿದ್ದೆ. ಎರಡು ತಿಂಗಳು ದಂಡ. ನಿಂತ ಶಟಲ್‌ಗೆ ಚೆನ್ನಾಗಿ ಹೊಡೆದವರೇ ಬೀಳುವ ಶಟಲ್ ಬಂದಾಗ ತಡಮಾಡಿದರು. ಬಲೂನು ಏಳೆಂಟು ವರ್ಷದವರಿಗೆ ಮೊದಲ ಎರಡು ದಿನ ಒಳ್ಳೆಯದು, ಅದಕ್ಕಿಂತ ಜಾಸ್ತಿ ಬೇಡ.

ದೊಡ್ಡ ತಪ್ಪು ಒಂದಾಯಿತು. ಐವತ್ತು ದಾಟಿದವರೊಬ್ಬರು ಹಿಮ್ಮುಖವಾಗಿ ಓಡಿ ಬಿದ್ದರು. ಮಣಿಕಟ್ಟು ಉಳುಕಿ ಒಂದು ತಿಂಗಳು ಬರಲಿಲ್ಲ. ತಪ್ಪು ನನ್ನದೇ. ಮೊದಲು ಪಕ್ಕಕ್ಕೆ ತಿರುಗು, ಆಮೇಲೆ ಹಿಂದೆ ಹೋಗು ಅಂತ ಕಲಿಸಿರಲಿಲ್ಲ. ಈಗ ಅದು ಬಾರದೆ ಯಾರೂ ಹಿಂದಿನ ಅಂಗಳಕ್ಕೆ ಹೋಗುವ ಹಾಗಿಲ್ಲ, ಮಕ್ಕಳೂ ಸೇರಿ.

ಬಿಟ್ಟುಹೋದ ಮೂವರೂ ಹದಿಮೂರು ಹದಿನಾಲ್ಕರ ಹುಡುಗರು. ಅವರಿಗೆ ಮೊದಲ ದಿನವೇ ಸ್ಮ್ಯಾಶ್ ಬೇಕಿತ್ತು. ಮುಂದಿನ ಬ್ಯಾಚಿನಲ್ಲಿ ಆ ವಯಸ್ಸಿನವರಿಗೆ ಕೊನೆಯ ಹತ್ತು ನಿಮಿಷ ಬಿಟ್ಟುಕೊಡುತ್ತೇನೆ. ನೆಟ್ ಬೇಡ, ಹಳೇ ಶಟಲ್, ಗೋಡೆಯ ಕಡೆಗೆ ಎಷ್ಟು ಬೇಕೋ ಅಷ್ಟು ಜೋರಾಗಿ ಹೊಡೆಯಲಿ.