ಬೇಗ ನಿವೃತ್ತಿಗೆ ಎಷ್ಟು ಹಣ: ವರ್ಷದ ಖರ್ಚನ್ನು 33ರಿಂದ ಗುಣಿಸಿ

ಐವತ್ತಕ್ಕೂ ಮೊದಲೇ ಕೆಲಸ ಬಿಡಬೇಕೆನ್ನುವವರು ಸಂಬಳವನ್ನು ಲೆಕ್ಕಕ್ಕೆ ಹಿಡಿಯದೆ, ಪಾಸ್‌ಬುಕ್ ತೆರೆದು ಹಿಂದಿನ ಪೂರ್ತಿ ಹನ್ನೆರಡು ತಿಂಗಳ ಖರ್ಚನ್ನು ಕೂಡಿಸಿ, ಆ ಮೊತ್ತವನ್ನು 33ರಿಂದ ಗುಣಿಸಬೇಕು. ಒಂದೇ ತಿಂಗಳ ಖರ್ಚನ್ನು ಹನ್ನೆರಡರಿಂದ ಗುಣಿಸಿದರೆ ನಮ್ಮ ಕಲಬುರಗಿಯಲ್ಲಿ ಲೆಕ್ಕ ತಪ್ಪುತ್ತದೆ. ಸುಗ್ಗಿಯಲ್ಲಿ ವರ್ಷಕ್ಕಾಗುವಷ್ಟು ಜೋಳ, ತೊಗರಿಬೇಳೆಯನ್ನು ಒಮ್ಮೆಲೇ ತುಂಬಿಸಿಡುತ್ತೇವೆ, ಏಪ್ರಿಲ್, ಮೇ ತಿಂಗಳಲ್ಲಿ ಕೂಲರ್ ಹಗಲು ರಾತ್ರಿ ತಿರುಗಿ ಕರೆಂಟ್ ಬಿಲ್ ಏರುತ್ತದೆ. ವರ್ಷಕ್ಕೆ 3,60,000 ರೂಪಾಯಿ ಖರ್ಚಿರುವ ಮನೆಗೆ ಸುಮಾರು 1 ಕೋಟಿ 19 ಲಕ್ಷ ಬೇಕು. ಹೀಗೆ ಕೂಡಿಟ್ಟ ಗಂಟಿನಿಂದ ಮೊದಲ ವರ್ಷದ ಖರ್ಚಿಗೆ ಸುಮಾರು ಶೇ 3ರಷ್ಟನ್ನೇ ತೆಗೆಯುವುದರಿಂದ, ಉಳಿದದ್ದು ಬೆಳೆದು ಬೆಲೆಯೇರಿಕೆಗೆ ಸರಿಗಟ್ಟಲು ಅವಕಾಶವಿರುತ್ತದೆ. ಹಲವರು ಹೇಳುವ 25ರ ಗುಣಾಕಾರವು, ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ 1994ರಲ್ಲಿ ಅಮೆರಿಕದ ಮಾರುಕಟ್ಟೆಯ ಅಂಕಿಗಳ ಮೇಲೆ 30 ವರ್ಷದ ನಿವೃತ್ತಿಗೆಂದು ಹಾಕಿದ, ಮೊದಲ ವರ್ಷ ಗಂಟಿನ ಶೇ 4ರಷ್ಟು ತೆಗೆಯುವ ಲೆಕ್ಕದಿಂದ ಬಂದದ್ದು; 45ಕ್ಕೇ ಮನೆಯಲ್ಲಿ ಕೂರುವವರಿಗೆ ಅದು ಸಾಲದೆಂದು ನನ್ನ ಅಭಿಪ್ರಾಯ. ಪೂರ್ತಿ ಹಣವನ್ನು ಎಫ್‌ಡಿಯಲ್ಲಿಟ್ಟು, ತೆರಿಗೆ ಕಳೆದ ಬಡ್ಡಿಯು ಬೆಲೆಯೇರಿಕೆಗಿಂತ ಕಡಿಮೆಯಾದರೆ ಈ ಗಂಟು 33 ವರ್ಷವೂ ಬಾಳದು. ಮಕ್ಕಳ ಮದುವೆ, ಕಾಲೇಜು ಶುಲ್ಕ, ದೊಡ್ಡ ಆಸ್ಪತ್ರೆ ಖರ್ಚು ಇದರಲ್ಲಿ ಬರುವುದಿಲ್ಲವಾದ್ದರಿಂದ ಅವುಗಳಿಗೆ ಬೇರೆಯೇ ತೆಗೆದಿಡಬೇಕು; ವಾಸದ ಮನೆಯನ್ನೂ ಮೈಮೇಲಿನ ಬಂಗಾರವನ್ನೂ ಗಂಟಿನಲ್ಲಿ ಎಣಿಸಬಾರದು.