ಉಪಗ್ರಹದ ಮೀಥೇನ್ ಚಿತ್ರ ನಂಬಬೇಕಾ? ಒಂದೇ ಹಾಲನ್ನು ಎರಡು ಸಲ ಹಾಕಿ ನೋಡಿ

ಆಲೂರು ಕಡೆಯ ಒಂದು ಹಳ್ಳಿಯ ಡೇರಿಯಲ್ಲಿ ನಾನು ಹಾಲು ಟೆಸ್ಟ್ ಮಾಡುತ್ತೇನೆ. ಹತ್ತೊಂಬತ್ತು ವರ್ಷವಾಯಿತು. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದರೆ ಎಂಟರವರೆಗೆ ಲೀಟರು, ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಗಟ್ಟಿ ಅಂಶ), ಜಗಳ. ಒಂದು ದಿನ ಯಾರೋ ಹುಡುಗ ಮೊಬೈಲಿನಲ್ಲಿ ಕೆಂಪು-ಹಳದಿ ಮೆತ್ತಿದ ಭೂಪಟ ತೋರಿಸಿದ. ಉಪಗ್ರಹ ಹಿಡಿದ ಮೀಥೇನ್ ಅಂತೆ, ಭೂಮಿಯನ್ನು ಬಿಸಿ ಮಾಡುವ ಅನಿಲ. ಸಾಲಿನಲ್ಲಿದ್ದ ಕಟ್ಟೆಮನೆ ಅಜ್ಜ ಕ್ಯಾನು ಕೆಳಗಿಟ್ಟು ಕೇಳಿದರು: "ಏನ್ಲಾ, ಮೇಲಿಂದ ನಮ್ ಹಸ ಹೂಸು ಬಿಡೋದೂ ಕಾಣ್ತದಂತಾ? ನಾಳೆ ಅದಕ್ಕೂ ಟ್ಯಾಕ್ಸ್ ಹಾಕ್ತಾರೆ ಬಿಡು."

"ಹೂಸಲ್ಲ ಅಜ್ಜ, ತೇಗು" ಅಂದೆ. ಹಸುವಿನ ಮೀಥೇನ್ ಬಹುಪಾಲು ಬಾಯಿಂದಲೇ ಬರುವುದು. ಆದರೆ ಆ ನಗುವಿನಲ್ಲಿ ನನ್ನ ಮಾತು ಯಾರ ಕಿವಿಗೂ ಬೀಳಲಿಲ್ಲ.

ಅಜ್ಜನ ಅನುಮಾನ ನನಗೆ ಹೊಸದಲ್ಲ. ನಮ್ಮ ಡೇರಿಗೆ ಫ್ಯಾಟ್ ನೋಡುವ ಮಿಷನ್ ಬಂದಾಗಲೂ ಯಾರೂ ನಂಬಿರಲಿಲ್ಲ. ಆಸಿಡ್ ಹಾಕಿ ತಿರುಗಿಸುವ ಗಾಜಿನ ಟ್ಯೂಬಿನಲ್ಲಿ ಕೊಬ್ಬು ಕಣ್ಣಿಗೆ ಕಾಣುತ್ತಿತ್ತು. ಮಿಷನ್ನಿನಲ್ಲಿ ಬರೀ ನಂಬರು. ಕೊನೆಗೆ ಏನು ಮಾಡಿದೆವು ಗೊತ್ತಾ? ಒಂದೇ ಕ್ಯಾನಿನ ಹಾಲನ್ನು ಎರಡು ಬಾಟಲಿಗೆ ಹಾಕಿ, ಒಂದನ್ನು ಮಿಷನ್ನಿಗೆ, ಒಂದನ್ನು ಟ್ಯೂಬಿಗೆ ಕೊಟ್ಟೆವು. ಎರಡೂ ಹತ್ತಿರ ಹತ್ತಿರ ಬಂದ ಮೇಲೆ ಬಾಯಿ ಮುಚ್ಚಿತು. ಉಪಗ್ರಹದ ಚಿತ್ರ ನೋಡಲು ನಾನು ಕಲಿತದ್ದೂ ಇದೇ ಬುದ್ಧಿಯಿಂದ. ನೀವೂ ನೋಡಬಹುದು, ದುಡ್ಡೇನೂ ಬೇಡ.

ಮೊದಲು ಅದು ಏನು ನೋಡುತ್ತದೆ ಅನ್ನುವುದು ತಿಳಿದಿರಲಿ. ಮೀಥೇನಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಬಿಸಿಲು ನೆಲಕ್ಕೆ ಬಡಿದು ವಾಪಸ್ ಮೇಲೆ ಹೋಗುವಾಗ, ನಮ್ಮ ಕಣ್ಣಿಗೆ ಕಾಣದ ಕೆಲವು ಬಣ್ಣಗಳನ್ನು, 1.6 ಮತ್ತು 2.3 ಮೈಕ್ರೋಮೀಟರ್ ಆಸುಪಾಸಿನವನ್ನು, ಈ ಅನಿಲ ನುಂಗುತ್ತದೆ. ಎಷ್ಟು ಬೆಳಕು ಕಮ್ಮಿಯಾಯಿತು ಅಂತ ಲೆಕ್ಕ ಹಾಕಿದರೆ ದಾರಿಯಲ್ಲಿ ಎಷ್ಟು ಮೀಥೇನ್ ಇತ್ತು ಅನ್ನುವುದು ಸಿಗುತ್ತದೆ. ಮನೆಯ ಸಿಲಿಂಡರ್ ಸೋರಿದರೆ ಇದರಲ್ಲಿ ಕಾಣುವುದಿಲ್ಲ. ಅದರೊಳಗಿರುವುದು ಪ್ರೊಪೇನ್, ಬ್ಯೂಟೇನ್. ನಮ್ಮ ಮೂಗಿಗೆ ಬಡಿಯುವುದು ಬೇಕೆಂದೇ ಸೇರಿಸಿದ ವಾಸನೆ.

ಇನ್ನೊಂದು ಮಾತು. ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಎಂಸಿಎಫ್ ಅನ್ನುವ ಉಪಗ್ರಹ ನಿಯಂತ್ರಣ ಕೇಂದ್ರ ಇದೆಯಲ್ಲ, ಆ ದೊಡ್ಡ ದೊಡ್ಡ ಡಿಶ್ಶು, ಅಲ್ಲಿಂದಲೇ ಇದೆಲ್ಲ ನೋಡುತ್ತಾರೆ ಅಂತ ನಮ್ಮಲ್ಲಿ ತುಂಬಾ ಜನ ಅಂದುಕೊಂಡಿದ್ದಾರೆ. ಅಲ್ಲ. ಅಲ್ಲಿ ಸಂಭಾಳಿಸುವುದು ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು. ಮೀಥೇನ್ ನೋಡುವವು ಸಾವಿರ ಕಿಲೋಮೀಟರಿಗಿಂತ ಕೆಳಗೇ ಸುತ್ತುತ್ತವೆ.

ಈಗ ಕೈ ಹಾಕೋಣ. ಕೋಪರ್ನಿಕಸ್ ಬ್ರೌಸರ್ ಅಂತ ಹುಡುಕಿ. ಯುರೋಪಿನವರದ್ದು. ಒಂದು ಲಾಗಿನ್ ಮಾಡಿಕೊಳ್ಳಿ, ಪುಕ್ಕಟೆ. ಉಪಗ್ರಹಗಳ ಪಟ್ಟಿಯಲ್ಲಿ ಸೆಂಟಿನೆಲ್-5ಪಿ, ಅದರೊಳಗೆ ಮೀಥೇನ್ ಆರಿಸಿ. ತಾರೀಕು ಹಾಕಿ, ನಿಮ್ಮ ಊರಿಗೆ ಹೋಗಿ. 2017ರ ಅಕ್ಟೋಬರಿನಲ್ಲಿ ಹಾರಿದ ಈ ಉಪಗ್ರಹ ಮಧ್ಯಾಹ್ನ ಒಂದೂವರೆ ಸುಮಾರಿಗೆ ನಮ್ಮ ನೆತ್ತಿಯ ಮೇಲೆ ಹೋಗುತ್ತದೆ.

ನಾನು ಮೊದಲ ಸಲ ಜುಲೈ ತಿಂಗಳು ತೆಗೆದೆ. ಹಾಸನ, ಚಿಕ್ಕಮಗಳೂರು ಪೂರ್ತಿ ಖಾಲಿ. ಒಂದು ಚುಕ್ಕೆ ಬಣ್ಣವಿಲ್ಲ. "ನೋಡಿ, ನಮ್ಮ ಜಿಲ್ಲೆ ಎಷ್ಟು ಶುದ್ಧ" ಅಂತ ಡೇರಿ ಜಗಲಿಯಲ್ಲಿ ಎಲ್ಲರಿಗೂ ತೋರಿಸಿದೆ. ಮಂಗ ಆದದ್ದು ನಾನೇ. ಖಾಲಿ ಅಂದರೆ ಮೀಥೇನ್ ಇಲ್ಲ ಅಂತಲ್ಲ, ಮೋಡ ಅಡ್ಡ ಬಂದು ಓದು ಸಿಕ್ಕಿಲ್ಲ ಅಂತ. ಮಳೆಗಾಲದ ಮಲೆನಾಡಿನಲ್ಲಿ ಇನ್ನೇನು ಸಿಕ್ಕೀತು? ಜನವರಿ, ಫೆಬ್ರುವರಿ ತೆಗೆಯಿರಿ. ಕೆರೆ, ಹಿನ್ನೀರಿನ ಮೇಲೂ ಓದು ಸಿಗುವುದು ಕಷ್ಟ. ನೀರು ಆ ಬೆಳಕನ್ನು ವಾಪಸ್ ಕಳಿಸುವುದೇ ಅಪರೂಪ.

ಬಣ್ಣ ಕಂಡರೂ ಹೆದರಬೇಡಿ. ಗಾಳಿಯಲ್ಲಿ ಎಲ್ಲೆಲ್ಲೂ ಮೀಥೇನ್ ಇದ್ದೇ ಇದೆ, ನೂರು ಕೋಟಿ ಕಣಗಳಲ್ಲಿ ಸುಮಾರು 1,900. ಅಕ್ಕಪಕ್ಕಕ್ಕಿಂತ ಎಷ್ಟು ಜಾಸ್ತಿ ಅನ್ನುವುದಷ್ಟೇ ಲೆಕ್ಕ. ಜೊತೆಗೆ ಇದರ ಒಂದೊಂದು ಚೌಕ ಸುಮಾರು 5.5 ಕಿಲೋಮೀಟರ್ ಗುಣಿಸು 7 ಕಿಲೋಮೀಟರ್. ನಮ್ಮೂರು, ಪಕ್ಕದೂರು, ನಡುವಿನ ಕೆರೆ, ಗದ್ದೆ, ಎರಡು ಕಾಫಿ ತೋಟ, ಎಲ್ಲ ಸೇರಿ ಒಂದೇ ಬಣ್ಣ. ಇಷ್ಟರಲ್ಲಿ ಯಾರ ಮನೆ ಕೊಟ್ಟಿಗೆ ಅಂತ ಹೇಳಿದವನು ಸುಳ್ಳುಗಾರ.

ಅಜ್ಜನ ಟ್ಯಾಕ್ಸಿನ ಭಯಕ್ಕೆ ನಾನು ಹಾಲಿನ ಚೀಟಿಯ ಹಿಂದೆಯೇ ಲೆಕ್ಕ ಬರೆದು ತೋರಿಸಿದೆ. ಚೂಪು ಕಣ್ಣಿನ ಉಪಗ್ರಹಗಳೂ ಇವೆ. ಕೆನಡಾದ ಜಿಎಚ್‌ಜಿಸ್ಯಾಟ್ ಸುಮಾರು 25 ಮೀಟರಿನ ಚೌಕ ನೋಡುತ್ತದೆ. ಅದಕ್ಕೂ ಒಂದೇ ಜಾಗದಿಂದ ಗಂಟೆಗೆ ಸುಮಾರು 100 ಕೆಜಿ ಸೋರಿದರೆ ಮಾತ್ರ ಕಾಣುತ್ತದೆ. ಒಂದು ಹಸು ವರ್ಷಕ್ಕೆ 60 ಕೆಜಿ ಅಂತಿಟ್ಟುಕೊಳ್ಳಿ. ಗಂಟೆಗೆ 100 ಕೆಜಿ ಅಂದರೆ ವರ್ಷಕ್ಕೆ 8,76,000 ಕೆಜಿ. ಭಾಗಿಸಿ. 14,600 ಹಸು ಬೇಕು, ಒಂದೇ ಕೊಟ್ಟಿಗೆಯಲ್ಲಿ. ಅಜ್ಜನ ಹತ್ತಿರ ಇರುವುದು ಮೂರು, ಅದರಲ್ಲೊಂದು ಗಬ್ಬ.

ಮುಂದಿನದು ಗಾಳಿ. ಇಲ್ಲೇ ಜಾಸ್ತಿ ಜನ ಎಡವುವುದು. ಬಚ್ಚಲ ಒಲೆ ನೋಡಿದ್ದೀರಲ್ಲ? ಗಾಳಿಯಿಲ್ಲದ ಬೆಳಗಿನಲ್ಲಿ ಹೊಗೆ ಹೆಂಚಿನ ಮೇಲೆ ದಟ್ಟವಾಗಿ ನಿಲ್ಲುತ್ತದೆ. ಗಾಳಿ ಬಿಟ್ಟರೆ ಅದೇ ಹೊಗೆ ತೆಳ್ಳಗಾಗಿ ಪಕ್ಕದ ತೋಟಕ್ಕೆ ಹೋಗುತ್ತದೆ. ಸೌದೆ ಮಾತ್ರ ಅಷ್ಟೇ ಉರಿದಿರುತ್ತದೆ. ಉಪಗ್ರಹಕ್ಕೆ ಕಾಣುವುದು ಹೊಗೆಯ ದಪ್ಪ. ಗಂಟೆಗೆ ಎಷ್ಟು ಸೋರಿತು ಅಂತ ಹೇಳಲು ಅದನ್ನು ಗಾಳಿಯ ವೇಗದಿಂದ ಗುಣಿಸಬೇಕು. ಗಾಳಿಯ ಅಂದಾಜು ತಪ್ಪಿದರೆ ಉತ್ತರವೂ ತಪ್ಪುತ್ತದೆ. ಅದಕ್ಕೇ ಯೋಗ್ಯರು ನಂಬರಿನ ಪಕ್ಕದಲ್ಲಿ "ಇಷ್ಟು ಹೆಚ್ಚು-ಕಡಿಮೆ" ಅಂತಲೂ ಬರೆಯುತ್ತಾರೆ. ಕಾರ್ಬನ್ ಮ್ಯಾಪರ್ ಸಂಸ್ಥೆಯ ನಕ್ಷೆ ತೆರೆದು ಒಂದು ಸೋರಿಕೆ ಒತ್ತಿ ನೋಡಿ, ಹಾಗೆ ಬರೆದಿರುತ್ತದೆ. ಬರೆದಿರದ ಚಿತ್ರ ವಾಟ್ಸಾಪಿನಲ್ಲಿ ಬಂದರೆ ಅಳಿಸಿ. ಚಿತ್ರದಲ್ಲಿ ಸೋರಿದ ಅನಿಲದ ಬಾಲ ಗಾಳಿಯ ದಿಕ್ಕಿಗೇ ಎಳೆದಿದೆಯಾ ಅಂತಲೂ ನೋಡಿ. ಆ ದಿನದ ಗಾಳಿ ಹವಾಮಾನದ ಆ್ಯಪಿನಲ್ಲಿ ಸಿಗುತ್ತದೆ. ಗಾಳಿ ಪಶ್ಚಿಮಕ್ಕೆ ಬೀಸುತ್ತಿದ್ದು ಬಾಲ ಪೂರ್ವಕ್ಕಿದ್ದರೆ ಅದು ಸೋರಿಕೆಯಲ್ಲ, ಏನೋ ನೆಲದ ಮೋಸ. ಕೆಲವು ಚಾವಣಿ, ಪ್ಲಾಸ್ಟಿಕ್ ಶೀಟು, ಹಸಿ ನೆಲ ಕೂಡ ಮೀಥೇನ್ ಥರಾನೇ ಕಾಣಿಸಿಬಿಡುತ್ತವೆ.

ಕೊನೆಗೆ ಎರಡು ಬಾಟಲಿ. ಒಂದು ಉಪಗ್ರಹ ಹೇಳಿದ್ದನ್ನು ಇನ್ನೊಂದೂ ಹೇಳುತ್ತದಾ? 2022ರಲ್ಲಿ ಬಂದ ಒಂದು ಅಧ್ಯಯನ ಹೀಗೇ ಮಾಡಿತ್ತು. ದೊಡ್ಡ ಚೌಕದ ಉಪಗ್ರಹದಿಂದ ಯಾವ ಊರು ಅಂತ ಗುರುತಿಸಿ, ಚೂಪು ಕಣ್ಣಿನದರಿಂದ ಯಾವ ಜಾಗ ಅಂತ ನೋಡಿದರು. ದೆಹಲಿ, ಮುಂಬೈ, ಲಾಹೋರ್, ಬ್ಯೂನಸ್ ಐರಿಸ್ ಊರುಗಳ ಕಸದ ಗುಡ್ಡ ಸಿಕ್ಕಿಬಿದ್ದವು, ಗಂಟೆಗೆ 3ರಿಂದ 29 ಟನ್.

ಕಜಕಸ್ತಾನದ್ದು ಇನ್ನೂ ಒಳ್ಳೆಯ ಕತೆ. 2023ರ ಜೂನಿನಲ್ಲಿ ಅಲ್ಲಿ ಒಂದು ಬಾವಿ ಕೊರೆಯುವಾಗ ಅನಿಲ ನುಗ್ಗಿ ಬೆಂಕಿ ಹತ್ತಿತು. ಡಿಸೆಂಬರ್ ಕೊನೆಯವರೆಗೂ ನಿಲ್ಲಲಿಲ್ಲ. ಕಂಪನಿ ಅಷ್ಟೊಂದು ಮೀಥೇನ್ ಹೋಗಿಲ್ಲ, ಕಾಣುವುದು ನೀರಿನ ಆವಿ ಅಂದಿತು. ಒಂದೇ ಉಪಗ್ರಹವಾಗಿದ್ದರೆ ನಾನೂ ಕಂಪನಿಯ ಮಾತಿಗೆ ಸ್ವಲ್ಪ ಜಾಗ ಕೊಡುತ್ತಿದ್ದೆ. ಆದರೆ ಬೇರೆ ಬೇರೆ ದೇಶದವರ ಉಪಗ್ರಹಗಳು ಒಟ್ಟು 115 ಸಲ ಅದೇ ಜಾಗದಲ್ಲಿ ಹಿಡಿದವು. ವಿಜ್ಞಾನಿಗಳ ಅಂದಾಜು 1,27,000 ಟನ್.

ಅನುಮಾನ ಪಡುವವರ ಕೈಯಲ್ಲೂ ಒಂದು ಒಳ್ಳೆಯ ಕಲ್ಲಿದೆ, ಮುಚ್ಚಿಡಬಾರದು. 2024ರ ಮಾರ್ಚಿನಲ್ಲಿ ಹಾರಿದ ಮೀಥೇನ್‌ಸ್ಯಾಟ್ 2025ರ ಜೂನಿನಲ್ಲಿ ಸಂಪರ್ಕ ಕಳೆದುಕೊಂಡು ಸತ್ತೇ ಹೋಯಿತು. ಹೌದು, ಮಿಷನ್ ಕೆಡುತ್ತದೆ. ನಮ್ಮದು ತಿಂಗಳಿಗೊಮ್ಮೆ ಕೆಡುತ್ತದೆ.

ನಿಮ್ಮ ಮನೆಯ ಸೋರಿಕೆಗೆ ಮಾತ್ರ ಆಕಾಶ ನೋಡಬೇಡಿ. ನನ್ನ ಗೋಬರ್ ಗ್ಯಾಸಿನ (ಅದೂ ಬಹುಪಾಲು ಮೀಥೇನೇ) ಉರಿ ಎರಡು ತಿಂಗಳಿಂದ ಸಣ್ಣದಾಗಿತ್ತು. ಸಗಣಿ ಕಮ್ಮಿ ಅಂತ ಹೆಂಡತಿಯ ಮೇಲೆ ಹಾಕಿದ್ದೆ. ಸೋಪಿನ ನೊರೆ ಮಾಡಿ ಪೈಪಿನ ಉದ್ದಕ್ಕೂ ಸವರಿದೆ. ಡೋಮಿನ ಹತ್ತಿರದ ವಾಲ್ವಿನಲ್ಲಿ ಗುಳ್ಳೆ ಬುಳುಬುಳು ಎದ್ದಿತು. ಅಜ್ಜ ಬೇಲಿಯಾಚೆ ನಿಂತು ನೋಡುತ್ತಿದ್ದವರು, "ಇದು ಕಣ್ಲಾ ನಂಬೋ ಅಂಥದ್ದು" ಅಂದರು.

ಮಾರನೆಯ ಬೆಳಿಗ್ಗೆ ಅವರ ಕೈಯಲ್ಲಿ ಎರಡು ಕ್ಯಾನು. ಎರಡರಲ್ಲೂ ಒಂದೇ ಹಸುವಿನ ಹಾಲು. ಒಂದಕ್ಕೆ ಫ್ಯಾಟು 4.1 ಬಂತು, ಇನ್ನೊಂದಕ್ಕೆ 4.0. "ಎಲ್ಲೋಯ್ತ್ಲಾ ಆ ಒಂದು ಪಾಯಿಂಟು?" ಅಂತ ಎಂಟು ಗಂಟೆಯವರೆಗೂ ಕೌಂಟರ್ ಬಿಟ್ಟು ಕದಲಲಿಲ್ಲ.