ರಕ್ತದ ರಿಪೋರ್ಟ್ ನೆಗೆಟಿವ್ ಬಂದರೂ ಯೂರಿನ್ ಡಬ್ಬಿ ಕೊಡುವುದೇಕೆ

ನಾನಿರುವುದು ಜೆನೆಟಿಕ್ಸ್ ಲ್ಯಾಬ್‌ನಲ್ಲಿ. ಮೈಟೊಕಾಂಡ್ರಿಯದ ಡಿಎನ್‌ಎಗೆ ಸಂಬಂಧಿಸಿದ ಟೆಸ್ಟ್‌ಗಳು ನನ್ನ ಪಾಲಿನ ಕೆಲಸ. ಅದರಲ್ಲೂ ಜಾಸ್ತಿ ಹುಡುಕುವುದು ಒಂದೇ ಒಂದು ಅಕ್ಷರವನ್ನು. 3243ನೇ ಜಾಗದಲ್ಲಿ ‘ಎ’ ಇರಬೇಕು, ಕೆಲವರಲ್ಲಿ ‘ಜಿ’ ಇರುತ್ತದೆ. 1990ರಲ್ಲಿ ಜಪಾನಿನ ವಿಜ್ಞಾನಿಗಳು ಪಾರ್ಶ್ವವಾಯುವಿನಂಥ ಹೊಡೆತ ತರುವ ಮೆಲಾಸ್ ಎಂಬ ಕಾಯಿಲೆಗೆ ಇದೇ ಕಾರಣ ಎಂದು ತೋರಿಸಿದರು. ಎರಡು ವರ್ಷದ ನಂತರ, ತಾಯಿ ಕಡೆಯಿಂದ ಬರುವ ಒಂದು ಬಗೆಯ ಶುಗರ್ ಮತ್ತು ಕಿವುಡಿಗೂ ಇದೇ ಬದಲಾವಣೆ ಕಾರಣ ಎಂದು ಗೊತ್ತಾಯಿತು.

ಮೈಟೊಕಾಂಡ್ರಿಯ ಜೀವಕೋಶದೊಳಗೆ ಶಕ್ತಿ ತಯಾರಾಗುವ ಜಾಗ. ಅದಕ್ಕೆ ತನ್ನದೇ ಪುಟ್ಟ ಡಿಎನ್‌ಎ ಇದೆ: 16,569 ಅಕ್ಷರ, 37 ಜೀನ್. ಇವುಗಳಲ್ಲಿ 22 ಜೀನ್‌ಗಳದ್ದು ಪ್ರೋಟೀನ್ ಕಟ್ಟಲು ಬೇಕಾದ ಅಮಿನೋ ಆಮ್ಲ ಹೊತ್ತು ತರುವ ಟಿ-ಆರ್‌ಎನ್‌ಎ ಮಾಡುವ ಕೆಲಸ. 3243 ಕೂತಿರುವುದು ಲ್ಯೂಸಿನ್ ಎಂಬ ಅಮಿನೋ ಆಮ್ಲ ತರುವ ಟಿ-ಆರ್‌ಎನ್‌ಎ ಜೀನಿನಲ್ಲಿ. ಅಲ್ಲಿ ಅಕ್ಷರ ತಪ್ಪಿದರೆ ಆ ಟಿ-ಆರ್‌ಎನ್‌ಎಗೆ ಅಂಟಬೇಕಾದ ಟಾರಿನ್ ಎಂಬ ಸಣ್ಣ ಅಣು ಸರಿಯಾಗಿ ಅಂಟುವುದಿಲ್ಲ. ಆಗ ಅದು ಕೆಲವು ಕಡೆ ಸಂದೇಶವನ್ನು ಓದಲು ತಡವರಿಸುತ್ತದೆ, ಪ್ರೋಟೀನ್ ಕಡಿಮೆಯಾಗುತ್ತದೆ, ಶಕ್ತಿ ಸಾಲುವುದಿಲ್ಲ. ಮೊದಲು ಸೋಲುವುದು ಹೆಚ್ಚು ಶಕ್ತಿ ಬೇಡುವ ಅಂಗಗಳು: ಮೆದುಳು, ಸ್ನಾಯು, ಹೃದಯ, ಒಳಕಿವಿ, ಇನ್ಸುಲಿನ್ ಮಾಡುವ ಜೀವಕೋಶಗಳು.

ಇಷ್ಟೇ ಆಗಿದ್ದರೆ ನನ್ನ ಕೆಲಸ ಸುಲಭವಿತ್ತು. ಇದೆ ಅಥವಾ ಇಲ್ಲ ಎಂದು ಬರೆದು ಕೊಡಬಹುದಿತ್ತು. ಆದರೆ ಒಂದೊಂದು ಜೀವಕೋಶದಲ್ಲೂ ಈ ಡಿಎನ್‌ಎಯ ನೂರಾರು, ಸಾವಿರಾರು ಪ್ರತಿ ಇರುತ್ತವೆ. ಕೆಲವು ಸರಿ ಇರುತ್ತವೆ, ಕೆಲವು ಕೆಟ್ಟಿರುತ್ತವೆ. ಕೆಟ್ಟವು ಒಂದು ಮಟ್ಟ ದಾಟುವವರೆಗೆ ಜೀವಕೋಶ ಹೇಗೋ ನಿಭಾಯಿಸುತ್ತದೆ. ಹಾಗಾಗಿ ಒಂದೇ ಮನೆಯಲ್ಲಿ ಅಕ್ಕನಿಗೆ ಮೂವತ್ತಕ್ಕೇ ಪಾರ್ಶ್ವವಾಯುವಿನಂಥ ಹೊಡೆತ, ತಮ್ಮನಿಗೆ ಬರೀ ಶುಗರ್, ಅಮ್ಮನಿಗೆ ಕಿವಿ ಸ್ವಲ್ಪ ಮಂದ.

ಮಕ್ಕಳಲ್ಲಿ ಇಷ್ಟು ವ್ಯತ್ಯಾಸ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ರಾಗಿಯಲ್ಲಿ ಸಾಸಿವೆ ಬೆರೆತಿದೆ ಅಂದುಕೊಳ್ಳಿ. ಹಿಡಿ ತುಂಬ ತೆಗೆದರೆ ಬೆರಕೆ ಹೆಚ್ಚುಕಡಿಮೆ ಮೊದಲಿನಂತೆಯೇ ಬರುತ್ತದೆ. ಒಂದು ಚಿಟಿಕೆ ತೆಗೆದರೆ ಪೂರ್ತಿ ಸಾಸಿವೆಯೇ ಬರಬಹುದು. ತಾಯಿಯಲ್ಲಿ ಅಂಡಾಣು ಬೆಳೆಯುವಾಗ ಆಗುವುದು ಈ ಚಿಟಿಕೆಯ ಲೆಕ್ಕ, ಅದಕ್ಕೆ ದಾಟುವುದು ಸ್ವಲ್ಪವೇ ಪ್ರತಿ.

ಈಗ ಯೂರಿನ್ ವಿಷಯ. ರಕ್ತದ ಜೀವಕೋಶಗಳು ಸದಾ ಹೊಸದಾಗಿ ಹುಟ್ಟುತ್ತಿರುತ್ತವೆ. ಕೆಟ್ಟ ಪ್ರತಿ ಜಾಸ್ತಿ ಇರುವವು ಆ ಓಟದಲ್ಲಿ ಹಿಂದೆ ಬೀಳುತ್ತವೆ. ಹೀಗಾಗಿ ರಕ್ತದಲ್ಲಿ 3243ರ ಪ್ರಮಾಣ ವರ್ಷ ವರ್ಷವೂ ಇಳಿಯುತ್ತದೆ, ಇದ್ದದ್ದರಲ್ಲಿ ವರ್ಷಕ್ಕೆ ಸುಮಾರು ನೂರಕ್ಕೆ ಎರಡರಷ್ಟು. ಸ್ನಾಯುವಿನಲ್ಲಿ ಹಾಗೆ ಇಳಿಯುವುದಿಲ್ಲ. ನಲವತ್ತು ದಾಟಿದವರ ರಕ್ತದಲ್ಲಿ ಶೇ. 6 ಕಂಡರೆ ನಾನು ಅದನ್ನು ಕಡಿಮೆ ಎನ್ನುವುದಿಲ್ಲ. ಹುಟ್ಟುವಾಗ ಅದು ಇದರ ಎರಡು ಪಟ್ಟಿಗೂ ಜಾಸ್ತಿ ಇದ್ದಿರಬಹುದು. ಡಿಎನ್‌ಎ ಅಕ್ಷರ ಓದುವ ಹಳೆಯ ವಿಧಾನವಾದ ಸ್ಯಾಂಗರ್ ಸೀಕ್ವೆನ್ಸಿಂಗ್ ಮಾಡಿಸಿದ್ದರೆ ಇಷ್ಟು ಸಣ್ಣ ಪ್ರಮಾಣ ಕಣ್ಣಿಗೇ ಬೀಳುವುದಿಲ್ಲ. ರಿಪೋರ್ಟ್ ನೆಗೆಟಿವ್ ಎಂದು ಬರುತ್ತದೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ.

ಅದಕ್ಕೇ ಯೂರಿನ್ ಕೇಳುತ್ತೇನೆ. ಅದರಲ್ಲಿ ಮೂತ್ರದ ದಾರಿಯ ಒಳಪದರದಿಂದ ಉದುರಿದ ಜೀವಕೋಶಗಳಿರುತ್ತವೆ. ಅವುಗಳಲ್ಲಿ ಈ ಬದಲಾವಣೆಯ ಪ್ರಮಾಣ ಸಾಮಾನ್ಯವಾಗಿ ರಕ್ತಕ್ಕಿಂತ ಜಾಸ್ತಿ. ಬೆಳಗಿನ ಮೊದಲ ಯೂರಿನ್ ಒಳ್ಳೆಯದು, ಡಬ್ಬಿ ತುಂಬ ಇರಲಿ. ಬಂದ ದಿನವೇ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸುತ್ತೇನೆ. ಟ್ಯೂಬಿನ ತಳದಲ್ಲಿ ಮಸುಕಾದ ಬಿಳಿ ಚುಕ್ಕೆಯೊಂದು ಕೂರುತ್ತದೆ, ಎಷ್ಟೋ ಸಲ ಬೆಳಕಿಗೆ ಹಿಡಿದರೆ ಮಾತ್ರ ಕಾಣುವಷ್ಟು. ಮೇಲಿನ ನೀರು ಚೆಲ್ಲುವಾಗ ಅದೂ ಜಾರಿ ಹೋದೀತು ಅಂತ ಕೈ ತಾನಾಗೇ ನಿಧಾನವಾಗುತ್ತದೆ. ಸ್ನಾಯುವಿನ ತುಂಡು ಕತ್ತರಿಸದೆ ಇಷ್ಟು ಮಾಹಿತಿ ಸಿಗುತ್ತದೆ ಎನ್ನುವುದೇ ದೊಡ್ಡದು.

ಮೊದಲೆಲ್ಲ ಜೆಲ್ ಓಡಿಸುತ್ತಿದ್ದೆವು, ಡಿಎನ್‌ಎ ತುಂಡುಗಳು ಅದರಲ್ಲಿ ಉದ್ದದ ಪ್ರಕಾರ ಬೇರೆ ಬೇರೆ ಗೆರೆಯಾಗಿ ಕಾಣುತ್ತವೆ. 3243ರಲ್ಲಿ ‘ಜಿ’ ಬಂದಾಗ ಅಪಾ-ಒನ್ ಎಂಬ ಎಂಜೈಮ್ ಕತ್ತರಿಸುವ ಜಾಗವೊಂದು ಹೊಸದಾಗಿ ಹುಟ್ಟುತ್ತದೆ. ಸರಿ ಇರುವ ಡಿಎನ್‌ಎ ಒಂದೇ ಗೆರೆ, ಕೆಟ್ಟದ್ದು ಎರಡು ತುಂಡು. ನೋಡಲು ಚಂದ, ಆದರೆ ಅಳೆಯಲು ಎಡವಟ್ಟು. ಡಿಎನ್‌ಎಯನ್ನು ಸುತ್ತು ಸುತ್ತಾಗಿ ನಕಲು ಮಾಡುವ ಪಿಸಿಆರ್‌ನ ಕೊನೆಯಲ್ಲಿ ಸರಿ ಎಳೆ ಮತ್ತು ಕೆಟ್ಟ ಎಳೆ ಜೋಡಿಯಾದರೆ ಎಂಜೈಮ್ ಅದನ್ನು ಮುಟ್ಟುವುದಿಲ್ಲ, ಕೆಟ್ಟದ್ದರ ಲೆಕ್ಕ ಕಡಿಮೆ ಬರುತ್ತದೆ. ಕೊನೆಯ ಸುತ್ತಿನಲ್ಲಿ ಮಾತ್ರ ಹೊಳೆಯುವ ಪ್ರೈಮರ್ (ನಕಲು ಶುರು ಮಾಡುವ ಪುಟ್ಟ ಡಿಎನ್‌ಎ ತುಣುಕು) ಹಾಕಿ ಇದನ್ನು ಸರಿಪಡಿಸುತ್ತಿದ್ದೆವು. ಈಗ ಹೊಸ ಬಗೆಯ ಸೀಕ್ವೆನ್ಸಿಂಗ್‌ನಲ್ಲಿ ಒಂದೇ ಜಾಗವನ್ನು ಸಾವಿರಾರು ಸಲ ಓದಿಸಿ ಎಣಿಸುತ್ತೇವೆ. ಜೆಲ್ ನೋಡುವ ಖುಷಿ ಅದರಲ್ಲಿಲ್ಲ ಬಿಡಿ.

ಯಂತ್ರಕ್ಕಿಂತ ಜಾಸ್ತಿ ಹೊತ್ತು ಹೋಗುವುದು ವಂಶವೃಕ್ಷ ಬರೆಯುವುದರಲ್ಲಿ. ಮೈಟೊಕಾಂಡ್ರಿಯದ ಡಿಎನ್‌ಎ ಬರುವುದು ತಾಯಿಯಿಂದ. ಗಂಡಸರಿಗೆ ಕಾಯಿಲೆ ಬರುತ್ತದೆ, ಆದರೆ ಅವರು ಅದನ್ನು ಮಕ್ಕಳಿಗೆ ಕೊಡುವುದಿಲ್ಲ. ಪಾಠದಲ್ಲಿ ಇಷ್ಟೇ. ನಮ್ಮ ಕಡೆ ಸೋದರಮಾವನನ್ನು ಮದುವೆಯಾಗುವ ವಾಡಿಕೆ ಇದೆಯಲ್ಲ, ಅಲ್ಲಿ ಈ ಪಾಠ ತಲೆಕೆಳಗಾದಂತೆ ಕಾಣುತ್ತದೆ. ಅಪ್ಪನಿಗೆ ಶುಗರ್, ಕಿವುಡು. ಮಗಳಿಗೂ ಅದೇ. ಅಮ್ಮ ಗಟ್ಟಿಮುಟ್ಟಾಗಿದ್ದಾರೆ. ಫಾರ್ಮ್‌ನಲ್ಲಿ ‘ತಂದೆಯಿಂದ ಬಂದದ್ದು, ಮೈಟೊಕಾಂಡ್ರಿಯ ಅಲ್ಲ’ ಎಂದು ಬರೆದಿರುತ್ತದೆ. ಆದರೆ ಆ ಅಪ್ಪ ಮದುವೆಯಾಗಿರುವುದು ಸ್ವಂತ ಅಕ್ಕನ ಮಗಳನ್ನು. ಅಪ್ಪನ ತಾಯಿ, ಅಮ್ಮನ ಅಜ್ಜಿ, ಇಬ್ಬರೂ ಒಬ್ಬರೇ. ಗಂಡ ಹೆಂಡತಿ ಇಬ್ಬರಲ್ಲೂ ಆ ಒಬ್ಬ ಹೆಂಗಸಿನ ಮೈಟೊಕಾಂಡ್ರಿಯವೇ ಇದೆ. ಮಗಳಿಗೆ ಅದು ಬಂದಿರುವುದು ಅಮ್ಮನಿಂದಲೇ. ಸೋದರಮಾವನ ಮಗಳನ್ನು ತಂದುಕೊಂಡಿದ್ದರೆ ಹೀಗಾಗುವುದಿಲ್ಲ, ಅವಳ ಮೈಟೊಕಾಂಡ್ರಿಯ ಅವಳ ತಾಯಿಯ ತವರಿನದು. ಅದಕ್ಕೇ ‘ಸಂಬಂಧದಲ್ಲೇ ಮದುವೆ’ ಅಂದರೆ ನನಗೆ ಸಾಕಾಗುವುದಿಲ್ಲ. ಯಾರ ಮಗಳು, ಯಾರ ತಮ್ಮ ಅಂತ ಬಿಡಿಸಿ ಕೇಳುತ್ತೇನೆ.

“ಶುಗರ್ ನಮ್ಮ ಮನೇಲಿ ಎಲ್ಲರಿಗೂ ಇದೆ ಮೇಡಮ್” ಎಂದು ಶುರು ಮಾಡುತ್ತಾರೆ. ದಪ್ಪ ಇದ್ದರಾ, ಸಣ್ಣಗಿದ್ದರಾ? ಎಷ್ಟನೇ ವಯಸ್ಸಿಗೆ ಬಂತು? ಟಿವಿ ಸೌಂಡ್ ಜಾಸ್ತಿ ಇಡುತ್ತಿದ್ದರಾ? ಸಣ್ಣ ಮೈಕಟ್ಟು, ಬೇಗ ಬಂದ ಶುಗರ್, ಮಂದ ಕಿವಿ ಮೂರೂ ತಾಯಿಯ ಕಡೆಯಲ್ಲಿ ಸೇರಿದರೆ ನನ್ನ ಪೆನ್ನು ಅಲ್ಲಿ ನಿಲ್ಲುತ್ತದೆ.

ರಿಸಲ್ಟ್ ಬಂದ ಮೇಲೆ ಒಂದು ಕಷ್ಟದ ಗಳಿಗೆ ಇದೆ. “ಅಮ್ಮನಿಂದ ಬಂದಿದೆ” ಎಂದ ಕೂಡಲೇ ಕೋಣೆಯಲ್ಲಿರುವವರೆಲ್ಲ ಒಬ್ಬರ ಕಡೆ ತಿರುಗುತ್ತಾರೆ. ಅತ್ತೆ ಪಕ್ಕದಲ್ಲಿದ್ದರಂತೂ ಕೇಳಲೇಬೇಡಿ. ಹಾಗಾಗಿ ಮೊದಲು ಆ ತಾಯಿಯೊಬ್ಬರನ್ನೇ ಕೂರಿಸಿಕೊಂಡು ಮಾತಾಡುವಂತೆ ಕೌನ್ಸೆಲರ್‌ಗೆ ಹೇಳಿಟ್ಟಿದ್ದೇನೆ.

ರಿಪೋರ್ಟ್‌ನಲ್ಲಿ ಶೇಕಡಾವಾರಿನ ಜೊತೆ ಯಾವ ಸ್ಯಾಂಪಲ್, ಎಷ್ಟು ವಯಸ್ಸು ಎಂದು ಬರೆಯದೆ ಸಹಿ ಹಾಕುವುದಿಲ್ಲ. ಆ ಸಂಖ್ಯೆ ಆ ಅಂಗದ್ದು, ಇಡೀ ಮನುಷ್ಯನದಲ್ಲ. ಆಮೇಲೆ ಡಾಕ್ಟರಿಗೆ ಫೋನ್. ಇಂಥವರಲ್ಲಿ ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ರಕ್ತದಲ್ಲಿ ಲ್ಯಾಕ್ಟೇಟ್ ಏರಿಸಬಹುದು, ಫಿಟ್ಸ್‌ಗೆ ಕೊಡುವ ವಾಲ್‌ಪ್ರೊಯೇಟ್ ವಿಷಯದಲ್ಲೂ ಜಾಗ್ರತೆ ಬೇಕು. ರೋಗಿಗಳು ತಾವಾಗಿ ಮಾತ್ರೆ ನಿಲ್ಲಿಸುವುದು ಬೇಡ, ಡಾಕ್ಟರೇ ನೋಡಿ ಬದಲಿಸುತ್ತಾರೆ. ಹೃದಯದ ಇಸಿಜಿ, ಎಕೋ ಮತ್ತು ಕಿವಿಯ ಪರೀಕ್ಷೆಯನ್ನೂ ಅದೇ ಫೋನಿನಲ್ಲಿ ನೆನಪಿಸುತ್ತೇನೆ.